ಗೊಗ್ಗರು ದನಿಯ ಡಬ್ಬಾ

ಅಣ್ಣನ ಸ್ಟುಡಿಯೋದಲ್ಲಿ ಇಲ್ಲದ ಯಂತ್ರವಿರಲಿಲ್ಲ. ತಂಗಿಯ ಹತ್ತಿರ ಇದ್ದುದು ಒಂದೇ ಒಂದು ಹಳೇ ಡ್ರಮ್ ಮಷೀನು. ಗುಂಡಿ ಒತ್ತಿ ತಾಳ ಕೂರಿಸಿದರೆ ತಾನೇ ನುಡಿಸಿಕೊಂಡು ಹೋಗುವ ಆ ಪ್ಲಾಸ್ಟಿಕ್ ಪೆಟ್ಟಿಗೆ ಯಾರಿಗೂ ಬೇಡವಾಗಿ ಗುಜರಿ ಅಂಗಡಿಯ ಇಸ್ತ್ರಿಪೆಟ್ಟಿಗೆಗಳ ನಡುವೆ ಬಿದ್ದಿದ್ದಾಗ ಅವಳ ಕಣ್ಣಿಗೆ ಬಿದ್ದಿತ್ತು. ಅಣ್ಣ ಅದನ್ನು ಡಬ್ಬಾ ಎನ್ನುತ್ತಿದ್ದ. ನಿಜವಾದ ಡ್ರಮ್ಮಿನಂತೆ ಅದು ಕೇಳಿಸುತ್ತಲೇ ಇರಲಿಲ್ಲ. ಅದರ ಏಟಿನಲ್ಲಿ ನೆಗಡಿ ಹಿಡಿದ ಗಂಟಲಿನ ಗೊಗ್ಗರು. ಅವಳ ಕಾರ್ಯಕ್ರಮಗಳಲ್ಲಿ ಆ ಗೊಗ್ಗರಿಗೇ ಜನ ಎದ್ದು ಕುಣಿಯುತ್ತಿದ್ದರು.

ಒಮ್ಮೆ ಸ್ಟುಡಿಯೋಗೆ ಬಂದ ಗಾಯಕಿಯೊಬ್ಬಳು, ಅವನು ವಾರವಿಡೀ ಕೂತು ತಿದ್ದಿದ್ದ ತಾಳವನ್ನು ಕೇಳಿ, "ಚೆನ್ನಾಗಿದೆ ಸರ್. ಆದ್ರೆ ನಿಮ್ಮ ತಂಗಿ ಹತ್ರ ಒಂದು ಡಬ್ಬಾ ಇದ್ಯಂತಲ್ಲ, ಅದನ್ನ ತರಿಸೋಕಾಗುತ್ತಾ?" ಎಂದಳು. ಅವನು ನಕ್ಕ. ಒಳಗೆ ಮಾತ್ರ ಏನೋ ಕುಟುಕಿತು.

ಸ್ವಲ್ಪ ದಿನಕ್ಕೆ ತಂಗಿಯೇ ಅದನ್ನು ಹಿಡಿದುಕೊಂಡು ಬಂದಳು.

"ಅಣ್ಣ, ಸ್ವಿಚ್ ಸಡಿಲ ಆಗಿದೆ, ನೋಡ್ಕೊಡ್ತೀಯಾ? ಬೇರೇನೂ ಮುಟ್ಬೇಡ, ಆಯ್ತಾ?"

"ನನಗೇ ಹೇಳ್ಕೊಡ್ತೀಯಾ ಪುಟ್ಟಿ?"

ಸ್ವಿಚ್ಚು ಸರಿಮಾಡಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟಕ್ಕೇ ಮುಚ್ಚಳ ಮುಚ್ಚಬಹುದಿತ್ತು. ಆದರೆ ಒಳಗೆ ಪುಟ್ಟ ಕೆಪಾಸಿಟರೊಂದು ಹಳತಾಗಿ ಉಬ್ಬಿ ಕೂತಿತ್ತು. ಗೊಗ್ಗರಿನ ಮೂಲ ಅದೇ ಎಂದು ನೋಡಿದೊಡನೆ ತಿಳಿಯಿತು. ಕೆಟ್ಟದ್ದನ್ನು ಬದಲಾಯಿಸುವುದು ಉಪಕಾರವೇ ತಾನೇ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಕಿತ್ತು ಹೊಸದನ್ನು ಬೆಸೆದ. ಹಳೆಯದು ಕಸದ ಪಾಲಾಯಿತು. ಈಗ ಡಬ್ಬಾ ಯಾವ ಯಂತ್ರ ಬೇಕಾದರೂ ಮಾಡುವಂಥ ಚೊಕ್ಕ ಸದ್ದು ಮಾಡಿತು. ಆಗ ಅವನಿಗಾದದ್ದು ಸಂತೋಷ. ಮುಂದೆ ಅವನನ್ನು ಸುಟ್ಟದ್ದು ಆ ಸಂತೋಷದ ನೆನಪೇ.

ಅದನ್ನು ವಾಪಸು ಕೊಟ್ಟದ್ದು ಅವಳ ಕಾರ್ಯಕ್ರಮದ ದಿನ, ಅವಳು ವೇದಿಕೆ ಹತ್ತುವ ಹೊತ್ತಿಗೆ. ಮೊದಲ ಏಟಿಗೇ ತಂಗಿಯ ಬೆರಳು ನಿಂತಿತು. ಆಮೇಲೆ ಮೈಕಿಗೆ ಬಾಗಿ, "ಇದನ್ನ ರಿಪೇರಿ ಮಾಡ್ಕೊಟ್ಟಿದ್ದು ನಮ್ಮಣ್ಣ. ಅಲ್ಲಿ ಹಿಂದೆ ನಿಂತಿದಾನೆ ನೋಡಿ" ಎಂದಳು. ಜನ ತಿರುಗಿ ಚಪ್ಪಾಳೆ ತಟ್ಟಿದರು. ಅವನಿಗೆ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ಅವಳು ಪೂರ್ತಿ ನುಡಿಸಿದಳು. ಯಾರೂ ಕುಣಿಯಲಿಲ್ಲ.

ಎಲ್ಲ ಮುಗಿದು ವೈರು ಸುತ್ತುತ್ತಿರುವಾಗ ಅವನು ಹತ್ತಿರ ಹೋಗಿ ಬಾಯಿ ತೆರೆದ.

"ಪುಟ್ಟಿ, ನಾನು ಒಳಗೆ..."

"ಗೊತ್ತಾಯ್ತು ಬಿಡಣ್ಣ. ಒಳ್ಳೇದು ಮಾಡೋಕೆ ಹೋಗಿ ಹೀಗಾಯ್ತು. ಅಷ್ಟೇ ತಾನೆ?"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ನೆಲ ನೋಡುತ್ತ, "ಅಲ್ಲ. ದನಿ ಹೋಗುತ್ತೆ ಅಂತ ಗೊತ್ತಿದ್ದೇ ಮಾಡಿದೆ" ಎಂದ.

ಅವಳು ಕೈಯಲ್ಲಿದ್ದ ವೈರನ್ನು ಸುತ್ತಿ ಮುಗಿಸಿದಳು.

ಆಮೇಲೆ ಅವನು ಹಳೇ ರೇಡಿಯೋಗಳನ್ನೆಲ್ಲ ಬಿಚ್ಚಿ ಬಿಡಿಭಾಗ ಹುಡುಕಿದ. ಜೋಡಿಸಿ ನೋಡಿದಾಗ ಗೊಗ್ಗರು ಬಂತು, ಆದರೆ ಅದು ಬೇರೆ ಯಾರದೋ ಗಂಟಲು. ತಂಗಿ ಅದರಲ್ಲೇ ಹೊಸ ಹಾಡು ಕಟ್ಟಿದಳು. ಮೊದಲಿನಂತೆಯೇ ಮನೆಗೆ ಬಂದು ಊಟ ಮಾಡಿ, ಅಣ್ಣಾ ಎಂದು ಮಾತಾಡಿಸಿ ಹೋಗುತ್ತಾಳೆ. ಮೊನ್ನೆ ಡಬ್ಬಾದ ಗುಂಡಿಯೊಂದು ಮುರಿದಿತ್ತಂತೆ. ಮಾರುಕಟ್ಟೆಯ ಗಡಿಯಾರ ರಿಪೇರಿಯವನ ಹತ್ತಿರ ಹೊಸದನ್ನು ಕೂರಿಸಿಕೊಂಡಳೆಂದು ಅಣ್ಣನ ಹೆಂಡತಿ ಹೇಳಿದಳು. ನನ್ನ ಹತ್ತಿರ ತರಬಹುದಿತ್ತಲ್ಲ ಎಂದು ಕೇಳುವ ಮುಖ ಅವನಿಗಿರಲಿಲ್ಲ.