ತುರಿಕೆ ಡಾಕ್ಟರಮ್ಮ

ಕಿಡ್ನಿ ವಿಭಾಗದ ಮುಖ್ಯಸ್ಥರಿಗೆ ಆಸ್ಪತ್ರೆಯವರೆಲ್ಲ ಎದುರಿಗೆ ‘ಸರ್’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ರಿಬ್ಬನ್’ ಅನ್ನುತ್ತಿದ್ದರು. ರೋಗಿಯ ನಾಡಿ ಮುಟ್ಟದೆ ಆರು ವರ್ಷವಾಗಿದ್ದರೂ, ಹೊಸ ಯಂತ್ರ ಬಂತೆಂದರೆ ಕತ್ತರಿ ಹಿಡಿದು ಮೊದಲು ನಿಲ್ಲುತ್ತಿದ್ದವರು ಅವರೇ. ಅವರ ಕೋಣೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿರಲಿಲ್ಲ. ಎಲ್ಲ ಫೋಟೋದಲ್ಲೂ ಅದೇ ನಗು, ಅದೇ ಕತ್ತರಿ.

ಅವರ ಕೈಕೆಳಗಿನ ಕಿರಿಯ ಡಾಕ್ಟರಿಗೆ ‘ತುರಿಕೆ ಡಾಕ್ಟರಮ್ಮ’ ಎಂದು ಹೆಸರಿಟ್ಟವರೂ ಅವರೇ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬಹಳ ಜನಕ್ಕೆ ಮೈತುಂಬ ತುರಿಕೆ. ಚರ್ಮದ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಇರುವೆ ಹರಿದಾಡಿದ ಹಾಗೆ. ಮುದುಕ ದರ್ಜಿಯೊಬ್ಬ ತನ್ನ ಮರದ ಅಳತೆಪಟ್ಟಿಯಿಂದಲೇ ಕೆರೆದು ಬೆನ್ನಿನಲ್ಲಿ ರಕ್ತ ಬರಿಸಿಕೊಂಡಿದ್ದ. ಬೇರೆ ಕಾಯಿಲೆಗೆ ಕೊಡುವ ಹಳೆಯ, ಅಗ್ಗದ ಮಾತ್ರೆಯೊಂದು ಇವರಿಗೂ ನಾಟೀತೆಂದು ಅವಳಿಗೆ ಅನ್ನಿಸಿತು. ಅರ್ಧ ಜನಕ್ಕೆ ಆ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಹಾಗೆ ಅರವತ್ತು ಜನರ ಮೇಲೆ ಪರೀಕ್ಷೆ ನಡೆಸಿದಳು.

“ಕೆರ್ಕೊಳ್ಳೋದಕ್ಕೂ ಒಂದು ಸಂಶೋಧನೆ ಬೇಕೇನಮ್ಮಾ?” ಎಂದು ರಿಬ್ಬನ್ ಸಭೆಯಲ್ಲೇ ನಕ್ಕಿದ್ದರು. ಬಾಲಬಡುಕರೂ ನಕ್ಕರು. ಅವಳು ಆ ನಗುವನ್ನು ನುಂಗಿಕೊಂಡಳೇ ಹೊರತು ಜೀರ್ಣಿಸಿಕೊಳ್ಳಲಿಲ್ಲ.

ಮಾತ್ರೆ ನಾಟಿತು. ಇನ್ನು ಐದು ಆಸ್ಪತ್ರೆಗಳಲ್ಲಿ ಇದನ್ನು ದೊಡ್ಡದಾಗಿ ಮಾಡಬೇಕು. ಆದರೆ ಬೆಳಗಿನಿಂದ ಸಂಜೆವರೆಗೆ ವಾರ್ಡಿನಲ್ಲಿ ಗಾಣದೆತ್ತಿನಂತೆ ಸುತ್ತುವವಳಿಗೆ ಪುರುಸೊತ್ತೆಲ್ಲಿ? ಆಗ ಕಣ್ಣಿಗೆ ಬಿದ್ದದ್ದು ಒಂದು ಅನುದಾನ. ವಾರ್ಡಿನಿಂದ ಸ್ವಂತ ಸಂಶೋಧನೆಗೆ ದಾಟಲು ಹೊರಟ ಕಿರಿಯ ವೈದ್ಯರಿಗೆ ನಾಲ್ಕು ವರ್ಷದ ಸಂಬಳ, ಪರೀಕ್ಷೆಯ ಖರ್ಚು. ಷರತ್ತು ಒಂದೇ: ಇದು ಇವಳದೇ ಕೆಲಸ, ವಾರದಲ್ಲಿ ನಾಲ್ಕು ದಿನ ಇವಳನ್ನು ಬಿಟ್ಟುಕೊಡುತ್ತೇನೆ ಎಂದು ಮುಖ್ಯಸ್ಥರು ಬರೆದುಕೊಡಬೇಕು.

ರಿಬ್ಬನ್ ಮುಖ ಅರಳಿತು. “ಆಗಲಿ. ಪತ್ರ ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ. ಮುಂದೆ ಏನೇ ಅಚ್ಚಾದ್ರೂ ಮೊದಲ ಹೆಸರು ನಂದಿರ್ಲಿ, ಅದು ಪದ್ಧತಿ.”

ಅಂಚೆ ಕಚೇರಿಯಲ್ಲಿ ಕೌಂಟರ್ ನೋಡಿಕೊಳ್ಳುವ ಅಕ್ಕನ ಮುಂದೆ ಅವಳು ಅಂದು ರಾತ್ರಿ ಮನೆಯಲ್ಲಿ ಕೆಂಡ ಕಾರಿದಳು. ಅಕ್ಕ ತರಕಾರಿ ಹೆಚ್ಚುತ್ತ ಕೇಳಿದಳು, “ಆ ಮನುಷ್ಯ ಓದಿ ಸಹಿ ಹಾಕ್ತಾನಾ?”

“ಓದೋದಾ? ಅವರು ಊಟದ ಪಟ್ಟಿ ಬಿಟ್ಟು ಬೇರೇನೂ ಓದಿದ್ದು ನಾನು ಕಂಡಿಲ್ಲ.”

“ಮತ್ತೇನೇ! ಇದ್ದದ್ದು ಇದ್ದ ಹಾಗೆ ಬರಿ. ಸುಳ್ಳಂತೂ ಅಲ್ವಲ್ಲ.”

ಅವಳು ಬರೆದಳು. ಎರಡು ಪುಟ. ರಿಬ್ಬನ್ ಫೋನಿನಲ್ಲಿ ಯಾರಿಗೋ ಅಭಿನಂದನೆ ಹೇಳುತ್ತಲೇ, ಪತ್ರದ ತುದಿ ಎಲ್ಲಿದೆ ಎಂದು ಬೆರಳಲ್ಲಿ ಹುಡುಕಿ ಸಹಿ ಗೀಚಿದರು.

ಅನುದಾನದ ಸಂದರ್ಶನದ ದಿನ ಮಾರ್ಗದರ್ಶಕರೆಂದು ಅವರೂ ಪಕ್ಕದಲ್ಲಿ ಕೂತರು, ಹೊಸ ಟೈ ಬೇರೆ. ಉದ್ದ ಮೇಜಿನಾಚೆ ಆಯ್ಕೆ ಸಮಿತಿಯ ಐವರು; ನಡುವೆ ಅಧ್ಯಕ್ಷೆ, ಬಿಳಿಗೂದಲಿನ ಸಣಕಲು ಹೆಂಗಸು. ಯಾರೂ ಕೇಳುವ ಮೊದಲೇ ರಿಬ್ಬನ್ ಶುರುಮಾಡಿದರು: “ಈ ತುರಿಕೆ ಅನ್ನೋದು ನನ್ನ ಬಹುದಿನದ ಕನಸು, ಮೇಡಂ.”

ಅಧ್ಯಕ್ಷೆ ಕನ್ನಡಕ ಏರಿಸಿ ಪತ್ರ ತೆಗೆದುಕೊಂಡರು. “ಹೌದಾ? ನೀವೇ ಹೀಗೆ ಬರೆದಿದ್ದೀರಲ್ಲ. ‘ಈ ಪರೀಕ್ಷೆಯ ಯೋಚನೆ ನನ್ನದಲ್ಲ. ಮೊದಲು ನಾನು ಇದನ್ನು ಗೇಲಿ ಮಾಡಿದ್ದೆ. ಇದರ ಒಬ್ಬ ರೋಗಿಯನ್ನೂ ನಾನು ನೋಡಿಲ್ಲ. ಆದ್ದರಿಂದ ಇದರ ಯಾವ ಬರಹದಲ್ಲೂ ನನ್ನ ಹೆಸರು ಇರಬಾರದು.’”

ರಿಬ್ಬನ್ ಪತ್ರದ ಕಡೆ ಕತ್ತು ಚಾಚಿದರು. ಓದಿಲ್ಲವೆಂದರೆ ಮಾನ ಹೋಗುತ್ತದೆ, ಓದಿದ್ದೇನೆಂದರೆ ಹೆಸರು ಹೋಗುತ್ತದೆ. ಅವರ ಮುಖದಲ್ಲಿ ಎರಡೂ ತೂಗುತ್ತಿದ್ದುದನ್ನು ಅವಳು ಕಣ್ತುಂಬ ನೋಡಿದಳು.

“ಇಷ್ಟು ಪ್ರಾಮಾಣಿಕ ಪತ್ರ ನಾನು ಓದಿಯೇ ಇಲ್ಲ,” ಎಂದರು ಅಧ್ಯಕ್ಷೆ.

ತಕ್ಷಣ ರಿಬ್ಬನ್ ಬೆನ್ನು ನೆಟ್ಟಗಾಯಿತು. “ಕಿರಿಯರಿಗೆ ದಾರಿ ಬಿಡಬೇಕು ಮೇಡಂ. ಅದು ನನ್ನ ಸ್ವಭಾವ.”

ನಾಚಿಕೆಯಿಂದ ಕುಗ್ಗುತ್ತಾರೆಂದು ಎಣಿಸಿದ್ದಳು. ಈ ಮನುಷ್ಯ ಕಪಾಳಕ್ಕೆ ಬಿದ್ದ ಏಟನ್ನೂ ಪದಕದ ಹಾಗೆ ಎದೆಗೆ ಚುಚ್ಚಿಕೊಂಡುಬಿಟ್ಟ! ಅವಳಿಗೆ ಹೇಸಿಗೆಯಾಯಿತು.

“ಇಷ್ಟು ಜನ ರೋಗಿಗಳನ್ನ ಒಪ್ಪಿಸಿ, ಒಬ್ಬರೂ ನಡುವೆ ಬಿಡದ ಹಾಗೆ ನೋಡಿಕೊಂಡದ್ದು ಯಾರು?” ಅಧ್ಯಕ್ಷೆ ಕೇಳಿದರು.

“ಎಲ್ಲ ನಾನೇ,” ಎಂದಳು ಅವಳು, ದನಿ ಏರಿಸಿ.

ಅನುದಾನ ಬಂತು. ರಿಬ್ಬನ್ ಸನ್ಮಾನ ಏರ್ಪಡಿಸಿದರು, ತಮಗೇ. ‘ಹೆಸರು ಬಿಟ್ಟುಕೊಟ್ಟ ಗುರು’ ಎಂದು ಫಲಕ ಬರೆಸಿದ್ದರು. ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿ ಬಂದವಳು ಡಯಾಲಿಸಿಸ್ ಕೋಣೆಯ ಹಿರಿಯ ಸಿಸ್ಟರ್ ಮುಂದೆ ಸಂದರ್ಶನದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದಳು, ರಿಬ್ಬನ್ ದನಿ ಅನುಕರಿಸಿ, ತನ್ನ ಕೊನೆಯ ಉತ್ತರವನ್ನೂ ಸೇರಿಸಿ.

ಸಿಸ್ಟರ್ ನಗಲಿಲ್ಲ. ಟ್ಯೂಬು ಸುತ್ತಿಡುತ್ತ ಹೇಳಿದರು, “ಆ ದರ್ಜಿ ತಾತ ಒಪ್ಪಿಗೆ ಕಾಗದ ನೋಡಿ ಓಡಿಹೋಗಿದ್ರು. ಅವರ ಮನೆಗೆ ಮೂರು ಸಲ ಹೋಗಿ ಕರ್ಕೊಂಡು ಬಂದದ್ದು ಯಾರು, ಡಾಕ್ಟ್ರೇ?”

“ನೀವು.”

“ಸಪ್ಪೆ ಮಾತ್ರೆ ಅಂತ ಅನುಮಾನ ಬಂದು ಎಸೆಯೋಕೆ ಹೊರಟವರ ಹತ್ರ ದಿನಾ ಕೂತು ಮಾತಾಡಿದ್ದು?”

ಅವಳ ಕಿವಿ ಕಾವೇರಿತು. ಅರವತ್ತು ಜನರ ಮನೆಯ ದಾರಿ ಗೊತ್ತಿದ್ದದ್ದು ಈ ಹೆಂಗಸಿಗೆ. ತನಗೆ ಗೊತ್ತಿದ್ದದ್ದು ಅವರ ನಂಬರು.

“ಅವರಿಗೆ ಕತ್ತರಿ, ನಿಮಗೆ ಲೇಖನಿ. ಅಷ್ಟೇ ವ್ಯತ್ಯಾಸ ಬಿಡಿ,” ಎಂದು ಸಿಸ್ಟರ್ ಮುಂದಿನ ಹಾಸಿಗೆಗೆ ನಡೆದರು.

ಅಂಥ ಮಾತನ್ನು ರಿಬ್ಬನ್ ಆಡಿದ್ದರೆ ಅವಳು ತಿರುಗಿ ಚುಚ್ಚುತ್ತಿದ್ದಳು. ಸಿಸ್ಟರ್ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು. ಮಾರನೆ ದಿನ ಅಧ್ಯಕ್ಷೆಗೆ ಪತ್ರ ಬರೆದಳು: ನಾನು ಸುಳ್ಳು ಹೇಳಿದೆ, ರೋಗಿಗಳನ್ನು ಪರೀಕ್ಷೆಯಲ್ಲಿ ಉಳಿಸಿಕೊಂಡವರು ನಮ್ಮ ಹಿರಿಯ ಸಿಸ್ಟರ್, ಹೊಸ ಪರೀಕ್ಷೆಯಲ್ಲಿ ಸಹ-ಮುಖ್ಯಸ್ಥೆಯಾಗಿ ಇವರ ಹೆಸರು ಸೇರಬೇಕು. ಪ್ರತಿಯನ್ನು ಸಿಸ್ಟರಿಗೆ ಕೊಟ್ಟಳು.

“ಕ್ಷಮೆ ಕೇಳೋಕೆ ಇದನ್ನ ಕೊಡ್ತಿದ್ದೀರಾ, ಕೆಲಸಕ್ಕೆ ಕೊಡ್ತಿದ್ದೀರಾ?”

“ಕೆಲಸಕ್ಕೆ. ಕ್ಷಮೆ ಬೇರೆ ಕೇಳ್ತೀನಿ.”

“ಅದು ನಿಧಾನಕ್ಕೆ ಕೇಳಿ, ಅವಸರವೇನಿಲ್ಲ,” ಎಂದರು ಸಿಸ್ಟರ್. ಮುಖ ಸಡಿಲವಾಗಲಿಲ್ಲ.

ಅನುದಾನದವರು ಒಪ್ಪಲು ಎರಡು ತಿಂಗಳು ತೆಗೆದುಕೊಂಡರು, ಅವಳಿಗೊಂದು ಕಟು ಎಚ್ಚರಿಕೆಯನ್ನೂ ಕಳಿಸಿದರು. ಎರಡನೆಯ ಆಸ್ಪತ್ರೆಯಲ್ಲಿ ಕೆಲಸ ಶುರುವಾದ ಬೆಳಿಗ್ಗೆ ಸಿಸ್ಟರ್ ಮೊದಲು ಒಳಗೆ ಹೋಗಿ ರೋಗಿಯೊಬ್ಬಳ ಪಕ್ಕ ಸ್ಟೂಲ್ ಎಳೆದು ಕೂತರು. ಡಾಕ್ಟರಮ್ಮ ಹಿಂದೆ ನಿಂತು, ಆ ರೋಗಿಯ ಮನೆ ಎಲ್ಲಿ ಎಂದು ಕೇಳಿ ಬರೆದುಕೊಂಡಳು.