ಮಾತು ಬೇಡ, ಅಳು ಸಾಕು

ರಾಮಲಕ್ಷ್ಮಮ್ಮನ ಅಂಗೈ ಚರ್ಮ ಸುಲಿದಿತ್ತು. ವೇಮಗಲ್ ಕೈಗಾರಿಕಾ ಪ್ರದೇಶದ ಆ ಗಾಜಿನ ಕಟ್ಟಡದಲ್ಲಿ ದಿನಕ್ಕೆ ಆರು ಸಲ ನೆಲ ಒರೆಸಬೇಕು. ಫಿನಾಯಿಲ್ ಜಾಸ್ತಿ ಹಾಕಬೇಕು. ಗ್ಲೌಸ್ ಮಾತ್ರ ಕೇಳಬಾರದು.

ಅವಳ ತಂಗಿ ಮಗಳು ಅನಿತ ಅದೇ ಕಟ್ಟಡದಲ್ಲಿ ಆಟ ಆಡುವ ಕೆಲಸದಲ್ಲಿದ್ದಳು. ಟೀವಿಗೆ ಯಂತ್ರ ಸಿಕ್ಕಿಸಿ ಆಡುವ ವಿಡಿಯೋ ಆಟ. ಆ ಯಂತ್ರ ಹೊರದೇಶದ ದೊಡ್ಡ ಕಂಪನಿಯದು. ಅದಕ್ಕೆ ಒಂದು ಹೊಸ ಆಟ ಇಲ್ಲಿ ತಯಾರಾಗುತ್ತಿತ್ತು. ಮೂವತ್ತೆರಡು ಹೆಣ್ಣುಮಕ್ಕಳು ಬೆಳಗಿಂದ ಸಂಜೆಯವರೆಗೆ ಅದನ್ನೇ ಆಡಿ ಆಡಿ ತಪ್ಪು ಹುಡುಕಬೇಕು. ಒಂದೇ ಗೋಡೆಗೆ ಇನ್ನೂರು ಸಲ ಡಿಕ್ಕಿ ಹೊಡೆಸಬೇಕು. ಒಂದೇ ಬಾವಿಗೆ ಇನ್ನೂರು ಸಲ ಹಾರಿಸಬೇಕು.

"ಆಟ ಆಡಿ ಸಂಬ್ಳ ತಗೊಂತೀಯ, ಪುಣ್ಯವಂತೆ ಕಣೇ" ಅಂತ ಊರವರು ಅಂದರೆ ಅನಿತ ಊದಿಕೊಂಡ ಹೆಬ್ಬೆರಳು ತೋರಿಸುವಳು. ಜಡೆ ಹೆಣೆದುಕೊಳ್ಳೋಕೂ ಅವಳಿಗೆ ಆಗುತ್ತಿರಲಿಲ್ಲ. ದೊಡ್ಡಮ್ಮನೇ ಹಾಕಬೇಕು.

ಮ್ಯಾನೇಜರ್ ಅಮರನಾಥ್ ಭಾನುವಾರವೂ ಕರೆಸುತ್ತಿದ್ದ. ಭಾನುವಾರಕ್ಕೆ ಸಂಬಳವಿಲ್ಲ. "ನಿಮ್ಮದೇ ಆಟ ಇದು ಕಣ್ರಮ್ಮಾ. ನಿಮ್ಮ ಕೋಲಾರದ ಕಥೆ, ನಿಮ್ಮ ಮಾತು. ನಿಮ್ಮ ಮನೆ ಕೆಲಸಕ್ಕೆ ಯಾರಾದ್ರೂ ಕೂಲಿ ಕೇಳ್ತಾರಾ?" ಅನ್ನುವನು. ಹುಡುಗೀರು ನಂಬಿದರು. ಸೀಮೆಯ ಮಾತು ಪರದೆ ಮೇಲೆ ಕೇಳಿದಾಗ ಒಬ್ಬರಿಗೊಬ್ಬರು ತಿವಿದುಕೊಂಡು ನಗುತ್ತಿದ್ದರು.

ಆಟದಲ್ಲೊಬ್ಬಳು ಅಜ್ಜಿ ಇದ್ದಳು. ಅವಳ ಮಾತು ಹೇಳಲು ಪಟ್ಟಣದಿಂದ ಬಂದ ನಟಿಯ ಬಾಯಿಗೆ ಈ ಕಡೆಯ ನುಡಿ ಹತ್ತಲಿಲ್ಲ. ನೆಲ ಒರೆಸುತ್ತಿದ್ದ ರಾಮಲಕ್ಷ್ಮಮ್ಮನನ್ನೇ ಅಮರನಾಥ್ ಮೈಕಿನ ಮುಂದೆ ಕೂರಿಸಿದ. ಮಾತು ಸಲೀಸಾಗಿ ಬಂತು. ಎರಡನೇ ದಿನ ಹೇಳಿದ: "ಈಗ ಮೊಮ್ಮಗಳು ಸತ್ತೋಗಿದ್ದಾಳೆ ಅಂತ ಅಳಮ್ಮ."

ಅವಳಿಗೆ ಸುಳ್ಳು ಅಳು ಬರಲಿಲ್ಲ. ಕಣ್ಣು ಮುಚ್ಚಿದಳು. ಡೆಂಗಿ ಜ್ವರದಲ್ಲಿ ಹೋದ ಮಗಳು ಶ್ವೇತ ಕಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಮಣ್ಣು ಮಾಡಿದ ದಿನ ಅಳೋಕಾಗದೆ ಉಳಿದದ್ದು ಈಗ ಹೊರಬಂತು. "ನಾ ಬಂಗಾರು ತಲ್ಲೀ..." ನನ್ನ ಬಂಗಾರದ ತಾಯೀ ಅಂತ ಮನೆಯ ತೆಲುಗಲ್ಲಿ ಶುರುವಾಗಿ ಮಾತಿಲ್ಲದ ಗೋಳಾಗಿ ಹರಿಯಿತು. ಗಾಜಿನಾಚೆ ಅನಿತ ಬಾಯಿಗೆ ವೇಲ್ ಒತ್ತಿಕೊಂಡಳು. ಅಮರನಾಥ್ ಹೆಬ್ಬೆರಳೆತ್ತಿ ತೋರಿಸಿದ. ಒಂದು ಸ್ವೀಟ್ ಬಾಕ್ಸ್ ಕೊಟ್ಟು, ಇಂಗ್ಲಿಷ್ ಕಾಗದಕ್ಕೆ ಸೈನ್ ಹಾಕಿಸಿಕೊಂಡ.

ಮೂರು ತಿಂಗಳಿಗೆ ಎಲ್ಲರನ್ನೂ ಮೀಟಿಂಗಿಗೆ ಕರೆದರು. ಗೋಡೆ ಮೇಲೆ ಪ್ರಪಂಚದ ನಕಾಶೆ. ಕೆಲವು ದೇಶ ಹಸಿರು. ನಮ್ಮದು ಕೆಂಪು.

"ಯಂತ್ರದ ಕಂಪನಿಯೋರು ಎಲ್ಲಾ ತೂಗಿ ನೋಡಿದ್ದಾರೆ," ಅಮರನಾಥ್ ಅಂದ. "ಈ ಕಡೆ ಯಂತ್ರ ಕೊಳ್ಳೋರು ಕಮ್ಮಿ. ಕನ್ನಡ, ತೆಲುಗು ಇಡೋದು ರಿಸ್ಕ್. ಎರಡನ್ನೂ ತೆಗೀತಾರೆ. ಆಟ ಬೇರೆ ದೇಶಗಳಿಗೆ ಹೋಗುತ್ತೆ. ಈ ಯೂನಿಟ್ ಮುಚ್ತೀವಿ. ನೀವೆಲ್ಲ ಸ್ವಂತ ಇಷ್ಟದಿಂದ ಕೆಲಸ ಬಿಟ್ವಿ ಅಂತ ಒಂದು ಸೈನ್ ಹಾಕಿಕೊಡಿ."

"ರಿಸ್ಕ್ ಅಂದ್ರೇನು ಸಾರ್?" ಅನಿತ ಎದ್ದಳು.

"ಹಾಕಿದ್ದು ವಾಪಸ್ ಬರದೇ ಇರೋದು."

"ನಾವು ಹಾಕಿದ ಭಾನುವಾರ ವಾಪಸ್ ಬರ್ತವಾ? ಈ ಬೆರಳು?"

"ನಿನ್ನ ಜೊತೆ ವಾದ ಮಾಡೋಕೆ ನಾನು ಬಂದಿಲ್ಲ."

ಹಿಂದೆ ಬಾಗಿಲ ಬಳಿ ನಿಂತಿದ್ದ ರಾಮಲಕ್ಷ್ಮಮ್ಮ ಕೇಳಿದಳು: "ಸಾಮಿ, ಹಂಗಾರೆ ನನ್ನ ಮಾತು?"

"ಅಜ್ಜಿ ಮಾತು ಬೇರೆ ಭಾಷೇಲಿ ಬೇರೆಯೋರು ಹೇಳ್ತಾರೆ."

"ಅಳು?"

ಅಮರನಾಥ್ ನಕ್ಕ. ಹೊಗಳುವವನ ಹಾಗೆ ನಕ್ಕ. "ಅಳು ಇಟ್ಕೊಂಡಿದ್ದಾರಮ್ಮ. ಅವರಿಗೆ ತುಂಬಾ ಇಷ್ಟ ಆಗಿದೆ. ಅಳೋದು ಎಲ್ಲಾ ದೇಶದವರಿಗೂ ಅರ್ಥ ಆಗುತ್ತೆ ನೋಡು."

ಅವಳ ಮೈ ಉರಿದುಹೋಯಿತು. ಎಲ್ಲೋ ಕಾಣದ ದೇಶದಲ್ಲಿ ಯಾರೋ ಸೋಫಾ ಮೇಲೆ ಕಾಲು ಚಾಚಿಕೊಂಡು ಗುಂಡಿ ಒತ್ತುತ್ತಾರೆ. ಇವಳು ತನ್ನ ಮಗಳಿಗೆ ಅಳಬೇಕು. ಮತ್ತೆ ಒತ್ತಿದರೆ ಮತ್ತೆ ಅಳಬೇಕು.

"ನನ್ನ ಮಾತು ನಿಮ್ಗೆ ನಷ್ಟ. ನನ್ನ ಮಗಳ ಸಾವು ಲಾಭಾನಾ? ಅದು ನನ್ನ ಶ್ವೇತಂಗೆ ಅತ್ತಿದ್ದು ಕಣಯ್ಯಾ! ತೆಗೀರಿ ಅದನ್ನ!"

"ಸೈನ್ ಹಾಕಿದ್ದೀಯಲ್ಲಮ್ಮ."

"ಓದಿ ಹೇಳಿದ್ಯಾ ನನ್ಗೆ?"

ಯಾರೂ ಪೆನ್ನು ಮುಟ್ಟಲಿಲ್ಲ. ಕೊನೆಯ ವಾರ ಹುಡುಕಿದ ತಪ್ಪುಗಳ ಪಟ್ಟಿ ಹುಡುಗೀರ ಹತ್ತಿರವೇ ಇತ್ತು. ಅದಿಲ್ಲದೆ ಯಂತ್ರದ ಕಂಪನಿ ಆಟವನ್ನು ಒಪ್ಪಿಕೊಳ್ಳುವುದಿಲ್ಲ. "ಪಟ್ಟಿ ಕೊಡಲ್ಲ ಸಾರ್," ಅನಿತ ಅಂದಳು. "ಭಾನುವಾರದ ಸಂಬಳ ಕೊಡಿ. ದೊಡ್ಡಮ್ಮನ ಅಳು ತೆಗೀರಿ. ಆಮೇಲೆ ಮಾತಾಡಾಣ." ಅಮರನಾಥ್ ಕರೆಂಟು ತೆಗೆಸಿದ. ಮೊದಲ ಬಾರಿಗೆ ಆ ಕೋಣೆಯ ಕಿಟಕಿಗಳನ್ನು ಹುಡುಗೀರು ತಾವೇ ತೆರೆದು ಕೂತರು.

ಮಧ್ಯಾಹ್ನ ಪೊಲೀಸ್ ಜೀಪು ಬಂತು. ಕಂಪನಿಯ ಸ್ವತ್ತು ಬಚ್ಚಿಟ್ಟಿದ್ದಾರೆ ಅಂತ ದೂರು. "ಠಾಣೆಗೆ ಬನ್ನಿ" ಅಂದರು. ಯಾರು ಅಂತ ಹೆಸರು ಹಿಡಿದು ಕರೆಯಲಿಲ್ಲ. ಎಲ್ಲರೂ ಹೊರಟರು. ಜೀಪು ಮುಂದೆ, ಹೆಂಗಸರು ಹಿಂದೆ, ಬಿಸಿಲಲ್ಲಿ ನಡೆದೇ ಹೋದರು.

ಠಾಣೆಯಲ್ಲಿ ರಾಮಲಕ್ಷ್ಮಮ್ಮ ಮೇಜಿನ ಮುಂದೆ ಹೋಗಿ ನಿಂತಳು. "ನಂದೂ ಒಂದು ದೂರೈತೆ, ಬರ್ಕೊಳ್ಳಿ."

"ಏನು ಕಳುವಾಗಿದೆಯಮ್ಮ?" ಇನ್ಸ್‌ಪೆಕ್ಟರ್ ಕೇಳಿದ.

"ನನ್ನ ಅಳು."

ಇನ್ಸ್‌ಪೆಕ್ಟರ್ ನಗಲಿಕ್ಕೆ ಹೋಗಿ ಅವಳ ಮುಖ ನೋಡಿ ಪೆನ್ನು ಕೆಳಗಿಟ್ಟ. "ಇದಕ್ಕೆ ಯಾವ ಸೆಕ್ಷನ್ ಹಾಕ್ಲಮ್ಮಾ ನಾನು?"

"ಅದು ನಿಮ್ಮ ಕೆಲಸ. ಓದಿರೋರು ನೀವು. ಹುಡುಕಿ."

"ಇದೆಲ್ಲ ಆಗಲ್ಲ, ಹೋಗಮ್ಮ."

ಅವಳು ಹೋಗಲಿಲ್ಲ. ನೆಲದ ಮೇಲೆ ಕೂತಳು. ಅನಿತ ಕೂತಳು. ಒಬ್ಬೊಬ್ಬರೇ ಎಲ್ಲರೂ ಕೂತರು. ಠಾಣೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ದೂರು ಕೊಡಲು ಬಂದಿದ್ದವರು ಬಾಗಿಲಲ್ಲೇ ನಿಂತು ಇಣುಕತೊಡಗಿದರು. ಇನ್ಸ್‌ಪೆಕ್ಟರ್ ದೂರು ಕೊಟ್ಟು ಅಲ್ಲೇ ಕೂತಿದ್ದ ಅಮರನಾಥನ ಕಡೆ ನೋಡಿದ. ಅಮರನಾಥ್ ಫೋನು ಹಿಡಿದು ಹೊರಗೆ ಹೋದ.

ಗಂಟೆ ಐದಾಗಿತ್ತು. ಠಾಣೆಯಲ್ಲಿ ದೂರು ಬರೆಯುವ ರೈಟರ್ ಬೇಸತ್ತು ಒಂದು ಬಿಳಿ ಹಾಳೆ ಎಳೆದುಕೊಂಡ.

"ಹೆಸರು ಹೇಳಮ್ಮ."

"ಇನ್ನೊಂದ್ ಹಾಳೆ ತಗೊಳ್ಳಪ್ಪ," ರಾಮಲಕ್ಷ್ಮಮ್ಮ ಅಂದಳು. "ನಾವು ಮೂವತ್ಮೂರು ಜನ ಇದೀವಿ."