ಹುದ್ದೆ ಬಾಗಿಲ ಹೊರಗಿರಲಿ

ಸೈನ್ಯದಲ್ಲಿ ವಕೀಲಿಕೆ ಮಾಡಿ ಮೇಜರ್ ಹುದ್ದೆಯಲ್ಲಿ ನಿವೃತ್ತಳಾದ ರೋವೀನಾ ಪ್ರೂಟ್, ವರ್ಜೀನಿಯಾದ ಕಡಲ ಕಡೆಯ ತನ್ನೂರಿಗೆ ಬಂದು, ನೀರು ನೆಲ ಕೆಡಿಸುವವರ ಮೇಲೆ ಮೊಕದ್ದಮೆ ಹೂಡುವ ಕಚೇರಿ ತೆರೆದಳು. ಸಮವಸ್ತ್ರ ಹೋಯಿತೇ ಹೊರತು ಗತ್ತು ಹೋಗಲಿಲ್ಲ. ಸಭೆಗೆ ಎಲ್ಲರಿಗಿಂತ ಮೊದಲೇ ಹಾಜರು; ಕಕ್ಷಿದಾರರನ್ನು ಸಾಲಾಗಿ ಕೂರಿಸದಿದ್ದರೆ ಸಮಾಧಾನವಿಲ್ಲ. ಊರವರು 'ಮೇಜರಮ್ಮ' ಎನ್ನುತ್ತಿದ್ದುದು ಗೌರವಕ್ಕೋ ಗೇಲಿಗೋ, ಅವಳು ವಿಚಾರಿಸಲು ಹೋಗಲಿಲ್ಲ.

ಆ ದಿನ ಊರ ಗ್ರಂಥಾಲಯದಲ್ಲಿ ರಾಜಿ ಮಾತುಕತೆ. ಕೋಳಿ ಮಾಂಸದ ಕಾರ್ಖಾನೆಯ ಕೊಳಚೆ, ರೋವೀನಾಳ ಕಕ್ಷಿದಾರಳಾದ ಲಿಯೋನಾ ಡೌಟಿ ಕಡಲಂಚಿನ ನೀರಿನಲ್ಲಿ ತಿನ್ನುವ ಸಿಂಪಿ ಬೆಳೆಸುತ್ತಿದ್ದ ಪಾತಿಗೆ ಹರಿದು, ಸಿಂಪಿ ತೆಗೆಯಕೂಡದೆಂದು ಸರ್ಕಾರದವರು ಬೋರ್ಡು ನೆಟ್ಟಿದ್ದರು. ರಾಜಿಯಾಗದಿದ್ದರೆ ಮೊಕದ್ದಮೆ ವರ್ಷಗಟ್ಟಲೆ ಎಳೆಯುವುದು ಖಂಡಿತ. ಅಲ್ಲಿಯವರೆಗೆ ಲಿಯೋನಾ ತಡೆಯಲಾರಳು, ಪಾತಿ ಮಾರಲೇಬೇಕು. ಸಾಲದ್ದಕ್ಕೆ ನವೆಂಬರಿನಲ್ಲಿ ಮಗಳ ಮದುವೆ. ಸ್ವಂತ ಪಾತಿಯ ಸಿಂಪಿ ಸುಡದೆ ಡೌಟಿ ಮನೆತನದಲ್ಲಿ ಯಾವ ಮದುವೆಯೂ ನಡೆದದ್ದಿಲ್ಲ.

ಮಧ್ಯಾಹ್ನದವರೆಗೂ ಕಾರ್ಖಾನೆಯ ವಕೀಲ ಟಿಸ್ಡೇಲ್ ಎಲ್ಲವನ್ನೂ ಅಲ್ಲಗಳೆಯುತ್ತಲೇ ಹೋದ. ಊಟಕ್ಕೆ ಮಾತು ನಿಂತಿತು. ಆಗ ರೋವೀನಾಳ ಕಣ್ಣು ಕಾರ್ಖಾನೆಯ ಮ್ಯಾನೇಜರ್ ಕ್ಲೀವ್ ವಾಟ್ಕಿನ್ಸನ ಮೇಲೆ ಬಿತ್ತು. ನೆಟ್ಟಗೆ ಕುಳಿತು, ಯಾರೋ ಕಸಿದುಕೊಳ್ಳುತ್ತಾರೆಂಬಂತೆ ಸ್ಯಾಂಡ್‌ವಿಚ್ ನುಂಗುತ್ತಿದ್ದ. ಹೀಗೆ ಉಣ್ಣುವವರನ್ನು ಅವಳು ಒಂದೇ ಕಡೆ ನೋಡಿದ್ದಳು, ಸೈನ್ಯದಲ್ಲಿ; ಅವಳೂ ಹಾಗೇ ಉಣ್ಣುತ್ತಿದ್ದಳು.

"ಯಾವ ದಳ ನಿಮ್ದು?"

"ಫಿರಂಗಿ ದಳ, ಮೇಡಂ. ಸಾರ್ಜೆಂಟ್ ಆಗಿದ್ದೆ."

"ಹಾಗಾದ್ರೆ ಕಾರ್ಯಾಚರಣೆ ಮುಗಿದ್ಮೇಲೆ ಕೂತು ಮಾತಾಡೋದು ಗೊತ್ತಲ್ಲ? ದೊಡ್ಡೋರು ಚಿಕ್ಕೋರು ಅಂತಿಲ್ಲ, ಹುದ್ದೆ ಬಾಗಿಲ ಹೊರಗೆ. ಅವರವರ ತಪ್ಪು ಅವರವರೇ ಹೇಳೋದು. ಏನಾಗ್ಬೇಕಿತ್ತು, ಏನಾಯ್ತು, ಯಾಕಾಯ್ತು. ನನ್ನಿಂದ್ಲೇ ಶುರು ಮಾಡ್ತೀನಿ. ನಿಮ್ಮ ಕಾರ್ಖಾನೆ ಒಳಗೆ ಕಾಲಿಡದೇನೇ ಪೇಪರ್‌ನೋರ ಮುಂದೆ ನಿಮ್ಮನ್ನ ಬೈದೆ. ಜಾಗ ನೋಡ್ದೆ ಗುಂಡು ಹಾರ್ಸಿದ ಹಾಗೆ. ತಪ್ಪು ನಂದು."

ಕ್ಲೀವ್ ಬಾಯಿ ಒರೆಸಿಕೊಂಡ. ಟಿಸ್ಡೇಲ್ ಅವನ ತೋಳು ಹಿಡಿದ. "ನೀವೇನೂ ಹೇಳ್ಬೇಕಾಗಿಲ್ಲ."

"ಬಿಡಿ ಸಾರ್. ಈ ಥರ ಕೂತಾಗ ಸುಳ್ಳು ಹೇಳಿದ್ರೆ ಮುಂದಿನ ಸಲ ಯಾರ್ದೋ ಪ್ರಾಣ ಹೋಗುತ್ತೆ. ಸೈನ್ಯದಲ್ಲಿ ಅಷ್ಟು ಕಲ್ತಿದೀನಿ." ಅವನು ಲಿಯೋನಾಳ ಕಡೆ ತಿರುಗಿದ. "ಕೊಳಚೆ ಎತ್ತೋ ಎರಡ್ನೇ ಪಂಪು ಕೆಟ್ಟಿತ್ತು ಅಮ್ಮಾ. ಮಳೆಗೆ ಕೊಳಚೆ ಹೊಂಡ ಉಕ್ಕಿತು. ರಿಪೇರಿಯವನನ್ನ ಕರೆಸಿದ್ದೆ. ಬಂದೂ ಬಂದ. ಆದ್ರೆ ಗೇಟಿನ ಮುಂದೆ ಯಾರೋ ಒಂದು ಲಾರಿ ಕೊಳೆತ ಸಿಂಪಿ ಸುರಿದಿದ್ರು. ಮೂಗು ಮುಚ್ಕೊಂಡು ಗಾಡಿ ತಿರುಗಿಸಿದೋನು ಈವರೆಗೂ ಫೋನ್ ಎತ್ತಿಲ್ಲ."

ಲಿಯೋನಾ ಕಿವಿಯವರೆಗೂ ಕೆಂಪಾದಳು.

"ಅಯ್ಯೋ, ಅದು ನಾನೇ ಕಣಯ್ಯಾ! ಪಾತಿ ಕೆಟ್ಟ ಸಿಟ್ಟಿಗೆ ಸುರಿಸಿದ್ದೆ!"

ಮೊದಲು ನಕ್ಕವನು ಕ್ಲೀವ್. ಆಮೇಲೆ ಲಿಯೋನಾ ಮೇಜು ಬಡಿದು ಬಡಿದು ನಕ್ಕಳು. ಬೆಳಗಿನಿಂದ ಹುಬ್ಬು ಗಂಟಿಕ್ಕಿಕೊಂಡಿದ್ದ ಟಿಸ್ಡೇಲನಿಗೂ ತಡೆಯಲಾಗಲಿಲ್ಲ. ನಕ್ಕ ಮೇಲೆ ಜಗಳ ಮುಂದುವರಿಸಲು ಯಾರಿಗೆ ಮುಖವಿರುತ್ತದೆ? ಸಂಜೆಯೊಳಗೆ ಹೊಸ ಪಂಪು, ಲಿಯೋನಾಳ ನಷ್ಟಕ್ಕೆ ಪರಿಹಾರ, ಇಬ್ಬರೂ ಕೂಡಿ ನೀರಿನ ಪರೀಕ್ಷೆ ಎಂದು ಬರೆದು ರುಜು ಹಾಕಿದರು. ಟಿಸ್ಡೇಲ್ ಕಾರ್ಖಾನೆಯ ಮುಖ್ಯ ಕಚೇರಿಗೆ ಫೋನ್ ಮಾಡಿ, ಒಪ್ಪಿಕೊಳ್ಳಲೇಬೇಕೆಂದು ಗದರಿದ್ದನ್ನು ರೋವೀನಾ ಖುಷಿಯಿಂದ ಕದ್ದು ಕೇಳಿಸಿಕೊಂಡಳು.

ನೀರು ತಿಳಿಯಾಯಿತು. ನವೆಂಬರ್ ಬರುವಷ್ಟರಲ್ಲಿ ಬೋರ್ಡನ್ನೂ ಕಿತ್ತರು.

ಮದುವೆಗೆ ರೋವೀನಾ ಎಂದಿನಂತೆ ಎಷ್ಟು ಬೇಗ ಬಂದಳೆಂದರೆ ಲಿಯೋನಾ ಅವಳ ಕೈಗೆ ಒದ್ದೆ ಗೋಣಿಚೀಲ ಕೊಟ್ಟು ಕೆಲಸಕ್ಕೆ ಹಚ್ಚಿದಳು. ಕಾದ ತಗಡಿನ ಮೇಲೆ ಸಿಂಪಿ ಸುರಿದು ಗೋಣಿ ಮುಚ್ಚಿದರೆ ಹಬೆಯಲ್ಲೇ ಬಾಯಿ ಬಿಡುತ್ತವೆ. ಕ್ಲೀವ್ ಸಲಿಕೆ ಹಿಡಿದು ಊರಿಗೆಲ್ಲ ಬಡಿಸಿದ. ಟಿಸ್ಡೇಲ್ ಕೋಟು ಕಳಚಿ, ತೋಳು ಮಡಚಿ ತಿಂದ.

ಕೆಂಡ ಆರುತ್ತಾ ಬಂದಾಗ ಕ್ಲೀವ್ ರೋವೀನಾಳ ಪಕ್ಕ ಕುಳಿತ.

"ಮೇಜರಮ್ಮಾ, ಅವತ್ತು ಒಂದು ಪ್ರಶ್ನೆ ಬಿಟ್ಬಿಟ್ರಿ."

ಅವಳಿಗೆ ತಟ್ಟನೆ ಹೊಳೆಯಿತು. ಕಾರ್ಯಾಚರಣೆ ಮುಗಿದ ಮೇಲಿನ ಮಾತುಕತೆಯ ಕೊನೆಯ ಪ್ರಶ್ನೆ: ಯಾವುದು ಸರಿಯಾಯಿತು, ಯಾವುದನ್ನು ಮುಂದೆಯೂ ಹೀಗೇ ಮಾಡಬೇಕು? ಸೈನ್ಯದಲ್ಲೂ ಅವಳು ಅದಕ್ಕೆ ನಿಂತವಳಲ್ಲ. ಆ ಪ್ರಶ್ನೆ ಬರುವಷ್ಟರಲ್ಲೇ ಮುಂದಿನ ಕೆಲಸ ಕೂಗುತ್ತಿತ್ತು.

"ಏನ್ ಸರಿಯಾಯ್ತು, ಹೇಳಿ ನೋಡೋಣ," ಎಂದ ಕ್ಲೀವ್.

ರೋವೀನಾ ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು: ಪಂಪು, ನೀರು, ಮದುವೆ. ಅಷ್ಟರಲ್ಲಿ ಲಿಯೋನಾ ಬಂದು ಬಿಸಿ ಸಿಂಪಿಯ ತಟ್ಟೆಯನ್ನು ಅವಳ ಮಡಿಲಲ್ಲಿಟ್ಟಳು.

"ಉತ್ತರ ಆಮೇಲೆ ಕೊಡಿ ಮೇಜರಮ್ಮಾ. ಇವತ್ತು ಎಲ್ಲಿಗೂ ಹೋಗ್ಬೇಕಾಗಿಲ್ಲ, ನಿಧಾನಕ್ಕೆ ತಿನ್ನಿ."

ರೋವೀನಾ ನಿಧಾನವಾಗಿ ತಿಂದಳು.